ತೇರಸ್‌ನ ಬಾಣಲೆ

ಉಲ್ಲಾಸನಗರ, ಕ್ಯಾಂಪ್ ನಾಲ್ಕು
14 ಅಕ್ಟೋಬರ್ 1978

ಪ್ರೀತಿಯ ಜೇಠಿಗೆ ನಿನ್ನ ಭಾಭಿ ಪೋಪಟಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಣ್ಣನಿಗೆ ಕಲ್ಯಾಣ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಹಬ್ಬದ ಗದ್ದಲ. ಮನೆಗೆ ಬಂದರೂ ಯಾವ ಗಾಡಿ ಎಷ್ಟು ತಡ ಎಂಬುದೇ ಮಾತು. ಅಜ್ಮೇರಿನಲ್ಲಿ ಚಳಿ ಶುರುವಾಯಿತೇ?

ಅರ್ಜನನ ಮದುವೆಯಾಗಿ ಹತ್ತು ತಿಂಗಳಾಯಿತು. ಸೊಸೆಗೆ ಇದು ನಮ್ಮ ಮನೆಯ ಮೊದಲ ದೀಪಾವಳಿ. ಜಲಂಧರದ ಹುಡುಗಿ, ಹೆಸರು ಸುದೇಶ್. ಮದುವೆಯ ಕರೆಯೋಲೆ ನೋಡಿ ಎದುರು ಬ್ಯಾರಕ್‌ನ ಖೇಮಿ ಚಾಚಿ, "ಇದೇನೇ ಪೋಪಟಿ, ಹುಡುಗನಿಗೆ ಹುಡುಗನನ್ನೇ ತರ್ತಿದ್ದೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದಳಲ್ಲ. ಪಂಜಾಬಿನಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರಿಡುತ್ತಾರೆ ಎಂದು ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ. ಹುಡುಗಿ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವಳಿಗೆ ಈಗ ಎರಡು ತಿಂಗಳು. ನಿನಗೊಬ್ಬಳಿಗೇ ಬರೆದಿದ್ದೇನೆ.

ಧನತ್ರಯೋದಶಿ, ನಮ್ಮ ತೇರಸ್, ಇಪ್ಪತ್ತೊಂಬತ್ತಕ್ಕೆ ಬಂದಿದೆ. ಎಂದಿನಂತೆ ಅವತ್ತೇ ಬಾಣಲೆ ಇಟ್ಟು ಹಬ್ಬದ ಸಿಹಿ ತೋಶಾ ಕರಿದುಬಿಡುತ್ತೇನೆ. ನಿನ್ನ ಅಮ್ಮ ದೀಪಾವಳಿಯ ದಿನವೇ ತೀರಿಹೋದ ಮೇಲೆ ಆ ದಿನ ನಮ್ಮ ಮನೆಯಲ್ಲಿ ಬಾಣಲೆ ಒಲೆ ಏರುವಂತಿಲ್ಲ. ಹಬ್ಬದ ದಿನ ಸಾವು ಕಂಡ ಮನೆಗೆ ಆ ಹಬ್ಬ ಮುಚ್ಚಿಹೋಗುತ್ತದೆ. ಮುಂದೆಂದಾದರೂ ಅದೇ ದಿನ ಮನೆಯಲ್ಲಿ ಮಗು ಹುಟ್ಟಿದರೆ ಮಾತ್ರ ತೆರೆದೀತು. ಎರಡು ದಿನ ಮೊದಲೇ, ತೇರಸ್‌ಗೆ, ಮಾಡಿಟ್ಟರೆ ನಿಯಮಕ್ಕೂ ಭಂಗವಿಲ್ಲ, ಮಕ್ಕಳ ಬಾಯಿಗೂ ಸಿಹಿ ಎಂದು ಪೂಜಾರಿ ದಾರಿ ತೋರಿಸಿದ್ದರಿಂದ ಎಂಟು ವರ್ಷ ಹಾಗೆಯೇ ನಡೆದಿದೆ.

ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ಈ ಎಂಟು ವರ್ಷವೂ ನಿನಗೆ ಗಾರ್ಡ್ ಕೈಯಲ್ಲಿ ತೋಶಾದ ಡಬ್ಬಿ ಕಳಿಸಿದ್ದೇನೆ. ತಲುಪಿತು ಎಂದು ಬರೆಯುತ್ತೀಯ. ಹೇಗಿತ್ತು ಎಂದು ಒಮ್ಮೆಯೂ ಬರೆದಿಲ್ಲ. ಅಮ್ಮನ ಕೈಯ ರುಚಿ ನನಗೆ ಬಂದಿಲ್ಲ, ಅದು ನನಗೂ ಗೊತ್ತು. ನನ್ನದು ಮೇಲೆ ಕೆಂಪಗಾಗಿ ನಡುವೆ ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ. ಅಮ್ಮ ಕೊನೆಯ ಎರಡು ತಿಂಗಳು ನಿನ್ನ ಮನೆಯಲ್ಲಿದ್ದರು, ನಿನಗೆ ಕಲಿಸಿರುತ್ತಾರೆ. ಈ ಸಲ ಸೊಸೆಯ ಮುಂದೆ ನನ್ನ ಮಾನ ಉಳಿಯಬೇಕು. ಅಳತೆ ಬರೆದು ಕಳಿಸು.

ಪೋಪಟಿ


ಅಜ್ಮೇರ್
22 ಅಕ್ಟೋಬರ್ 1978

ಪೂಜ್ಯ ಭಾಭಿಗೆ ಜೇಠಿಯ ನಮಸ್ಕಾರ.

ನಿಮ್ಮ ಪತ್ರ ಬಂತು. ಸೊಸೆಯ ಸುದ್ದಿ ತಿಳಿದು ಸಂತೋಷವಾಯಿತು. ಯಾರಿಗೂ ಹೇಳುವುದಿಲ್ಲ.

ಅಮ್ಮ ಅಳತೆ ಎಂದು ಏನನ್ನೂ ಇಟ್ಟುಕೊಂಡಿರಲಿಲ್ಲ. ನಾನು ನೋಡಿದ್ದನ್ನು ಬರೆಯುತ್ತೇನೆ. ನಾಲ್ಕು ಬಟ್ಟಲು ಮೈದಾಕ್ಕೆ ಒಂದು ಬಟ್ಟಲು ತುಪ್ಪ. ಬೆರಳಿನಲ್ಲಿ ಉಜ್ಜಿ ಉಜ್ಜಿ, ಮುಷ್ಟಿ ಬಿಗಿದರೆ ಹಿಟ್ಟು ಉಂಡೆಯಾಗಿ ನಿಲ್ಲಬೇಕು. ಆಮೇಲೆ ಎರಡು ಚಮಚ ಮೊಸರು, ಬೆಚ್ಚಗಿನ ನೀರು. ಚಪಾತಿ ಹಿಟ್ಟಿನ ಹಾಗೆ ನಾದಬಾರದು, ಒಟ್ಟುಗೂಡಿಸಿದರೆ ಸಾಕು. ನಾದಿದರೆ ಪದರ ಸಾಯುತ್ತದೆ ಎನ್ನುತ್ತಿದ್ದರು. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಟ್ಟು, ಬೆರಳುದ್ದ ಹೊಸೆದು, ಜರಡಿಯ ಬೆನ್ನಿಗೆ ಒತ್ತಿದರೆ ಗೆರೆ ಮೂಡುತ್ತದೆ.

ನಿಮ್ಮದು ಹಿಟ್ಟು ಹಿಟ್ಟಾಗುವುದಕ್ಕೆ ಕಾರಣ ಉರಿ. ತುಪ್ಪ ಕಾದ ಮೇಲೆ ಬಾಣಲೆಯನ್ನು ಕೆಳಗಿಳಿಸಿ ತೋಶಾ ಹಾಕಿ. ಅವು ತಳದಲ್ಲಿ ಕೂರುತ್ತವೆ. ತಾವಾಗಿಯೇ ಮೇಲೆದ್ದ ಮೇಲೆ ಒಲೆಗಿಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ. ನಡುವೆ ಅವಸರ ಮಾಡಿ ಜಾಲರಿ ಆಡಿಸಬಾರದು. ಪಾಕ ಎರಡೆಳೆ. ಅದರಲ್ಲಿ ಹೊರಳಿಸಿ, ಪಾಕ ಬೆಳ್ಳಗೆ ಹರಳುಗಟ್ಟುವ ತನಕ ಕೈ ಬಿಡಬಾರದು.

ಭಾಭಿ, ನನ್ನದೊಂದು ಕೋರಿಕೆ. ಈ ಸಲ ತೇರಸ್‌ಗೆ ಮಾಡಬೇಡಿ. ಹಬ್ಬ ಕಳೆದ ಮೇಲೆ ಗುರುನಾನಕ್ ಜಯಂತಿಗೆ ಮಾಡಿ. ಬಸುರಿ ಹುಡುಗಿಗೆ ತುಪ್ಪದ ಹೊಗೆ ಒಳ್ಳೆಯದಲ್ಲ. ನನಗೂ ಡಬ್ಬಿ ಕಳಿಸಬೇಡಿ, ದಾರಿಯಲ್ಲಿ ಇರುವೆ ಮುತ್ತುತ್ತದೆ.

ಅಣ್ಣನಿಗೆ ನಮಸ್ಕಾರ ತಿಳಿಸಿ.

ಜೇಠಿ


ಉಲ್ಲಾಸನಗರ
6 ನವೆಂಬರ್ 1978

ಜೇಠಿಗೆ,

ಇರುವೆ ಮುತ್ತುವ ಡಬ್ಬಿಯನ್ನು ಎಂಟು ವರ್ಷ ಕಳಿಸಿದ್ದಕ್ಕೆ ಕ್ಷಮೆ ಇರಲಿ. ಸಿಟ್ಟು ಬಂದಿತ್ತು, ಈಗ ಅದನ್ನು ಬರೆಯುವಷ್ಟೂ ಮನಸ್ಸಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನಿನ್ನ ಮಾತು ಕೇಳಿ ತೇರಸ್‌ಗೆ ಬಾಣಲೆ ಇಡಲಿಲ್ಲ. ಸುದೇಶ್ ಎರಡು ದಿನ ನನ್ನ ಮುಖ ನೋಡಿದಳು. ನಾನು ಮುನಿಸಿಕೊಂಡಿದ್ದೇನೆ, ಮೈಗೆ ಹುಷಾರಿಲ್ಲದೆ ಕೈಬಿಟ್ಟಿದ್ದೇನೆ ಎಂದೆಲ್ಲ ಅಂದುಕೊಂಡಳಂತೆ. ದೀಪಾವಳಿ ಬೆಳಿಗ್ಗೆ ನಾನು ದರ್ಬಾರ್ ಮಂದಿರದಲ್ಲಿ ಭಜನೆಗೆ ಕೂತು ಬಂದರೆ ಅಡುಗೆಮನೆಯಲ್ಲಿ ಬಾಣಲೆ.

"ಬನ್ನಿ ಮಮ್ಮೀಜಿ, ಬನ್ನಿ! ನೀವು ದಣಿದಿದ್ದೀರಿ ಅಂತ ನಾನೇ ಮಾಡ್ದೆ. ಸಿಂಧಿಗಳ ತೋಶಾ ಒಣಸೌದೆ ಥರ ಅಂತ ನಿಮ್ಮ ಮಗನೇ ಹೇಳಿದ್ದು, ನಾನಲ್ಲ. ನಮ್ಮ ಜಲಂಧರದ್ದು ತಿಂದು ನೋಡಿ, ಕಚ್ಚಿದ್ರೆ ಗಲ್ಲದ ಮೇಲೆ ರಸ."

ನನ್ನ ಹಿಂದೆಯೇ ನಿನ್ನ ಅಣ್ಣ ಡ್ಯೂಟಿ ಮುಗಿಸಿ ಬಂದರು.

"ಯಾರು ಇಟ್ಟಿದ್ದು?"

"ನಾನೇ, ಪಾಪಾಜಿ."

"ಇವತ್ತು?"

"ಇವತ್ತೇ ಅಲ್ವಾ ಹಬ್ಬ?"

ಕೂಗಲಿಲ್ಲ. ಒಲೆ ಆರಿಸಿದರು. ಕಾದ ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ನಲ್ಲಿಯ ಕಟ್ಟೆಯ ಮೇಲಿಟ್ಟರು. ಅಮ್ಮನ ಪಟದ ಮುಂದೆ ಸಂಜೆಯವರೆಗೆ ಊಟವಿಲ್ಲದೆ ಕೂತರು. ಅಂದಿನಿಂದ ಅವಳ ಕೈಯಿಂದ ನೀರೂ ತೆಗೆದುಕೊಂಡಿಲ್ಲ.

ತಪ್ಪು ನನ್ನದು. ಹೊಸ ಸೊಸೆಯ ಮೊದಲ ಹಬ್ಬಕ್ಕೆ ಸಾವಿನ ಮಾತು ಯಾಕೆ ಎಂದು ನಾನು ಹೇಳಲಿಲ್ಲ. ನಾನು ಹೇಳಿರುತ್ತೇನೆ ಎಂದುಕೊಂಡು ಅರ್ಜನ ಹೇಳಲಿಲ್ಲ. ನಾವು ತೇರಸ್‌ಗೆ ಕರಿಯುವವರು ಎಂದಷ್ಟೇ ಅವಳಿಗೆ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ಈಗ ಗೊತ್ತಾದ ಮೇಲೆ ಮಾತು ನಿಂತುಹೋಗಿದೆ. ಆ ಬಾಯಿ ಮುಚ್ಚಿದ್ದನ್ನು ನೋಡಲು ಆಗುವುದಿಲ್ಲ.

ಅಣ್ಣನಿಗೆ ನೀನು ಎರಡು ಸಾಲು ಬರೆ. ನಿನ್ನ ಮಾತು ಕೇಳುತ್ತಾರೆ.

ಪೋಪಟಿ


ಅಜ್ಮೇರ್
25 ನವೆಂಬರ್ 1978

ಪೂಜ್ಯ ಭಾಭಿಗೆ ನಮಸ್ಕಾರ.

ಉತ್ತರ ತಡವಾಯಿತು. ಮನೆಯಲ್ಲಿ ಮಾವನವರಿಗೆ ಕೆಮ್ಮು, ಆಸ್ಪತ್ರೆಯ ಓಡಾಟ.

ಹುಡುಗಿಯದು ಏನೂ ತಪ್ಪಿಲ್ಲ. ಅಮ್ಮ ಇದ್ದಿದ್ದರೆ ಅವಳ ತಟ್ಟೆಯಿಂದ ಎರಡು ಎತ್ತಿಕೊಂಡು ತಿನ್ನುತ್ತಿದ್ದರು. ಅಷ್ಟು ವರ್ಷ ನಿಯಮ ನಡೆಸಿದ್ದೀರಿ, ಇನ್ನು ಬಿಟ್ಟುಬಿಡಿ. ದೇವರು ಪಂಚಾಂಗ ಹಿಡಿದುಕೊಂಡು ಕೂತಿರುವುದಿಲ್ಲ.

ಅಣ್ಣನಿಗೆ ಬರೆಯಲು ನಾಲ್ಕು ಸಲ ಕಾಗದ ತೆಗೆದೆ, ಬರೆಯಲಾಗಲಿಲ್ಲ. ನಿಮ್ಮ ಬಾಯಿಂದಲೇ ಹೇಳಿ. ಸುದೇಶಳಿಗೆ ಸ್ವೆಟರ್ ಹೆಣೆಯುತ್ತಿದ್ದೇನೆ. ಅವಳಿಗೆ ಯಾವ ಬಣ್ಣ ಇಷ್ಟ?

ಜೇಠಿ


ಉಲ್ಲಾಸನಗರ
19 ಜನವರಿ 1979

ಜೇಠಿಗೆ,

ಸ್ವೆಟರ್ ಬಂತು. ತೊಡುವವಳು ಇಲ್ಲಿಲ್ಲ.

ಈ ತಿಂಗಳ ನಾಲ್ಕರಂದು ಸುದೇಶಳ ಗರ್ಭ ಇಳಿಯಿತು. ಐದನೆಯ ತಿಂಗಳು ನಡೆಯುತ್ತಿತ್ತು. ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಮಗು ಸರಿಯಾಗಿ ಬೆಳೆದೇ ಇರಲಿಲ್ಲ, ಮೊದಲ ಬಸುರಿನಲ್ಲಿ ಹೀಗಾಗುವುದುಂಟು, ಯಾರೂ ಏನೂ ಮಾಡುವಂತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು.

ಮನೆಗೆ ಬಂದ ಮರುದಿನ ಖೇಮಿ ಚಾಚಿ ನೋಡಲು ಬಂದಳು. ಬಾಗಿಲಲ್ಲೇ ನಿಂತು ನನಗೆ ಹೇಳುವ ಹಾಗೆ ಹೇಳಿದಳು.

"ಮುಚ್ಚಿದ ಹಬ್ಬಕ್ಕೆ ಬಾಣಲೆ ಇಟ್ಟ ಕೈ ಅಲ್ವಾ ಪೋಪಟಿ. ಮನೆ ಹಿರಿಯಳು ಸುಮ್ನೆ ಬಿಡ್ತಾಳಾ?"

ಸುದೇಶ್ ಒಳಗೆ ಮಲಗಿದ್ದಳು. ಆ ಕೋಣೆಗೂ ಬಾಗಿಲಿಗೂ ನಡುವೆ ಇರುವುದು ಒಂದು ಪರದೆ, ನಿನಗೆ ಗೊತ್ತು. ಚಾಚಿ ಹೋದ ಮೇಲೆ ನನ್ನನ್ನು ಕರೆದಳು.

"ಮಮ್ಮೀಜಿ, ಒಂದೇ ಮಾತು ಕೇಳ್ತೀನಿ. ನಿಮಗೂ ಹಾಗೇ ಅನ್ಸತ್ತಾ?"

ನಾನು ಕೂಡಲೇ ಇಲ್ಲ ಎನ್ನಲಿಲ್ಲ. ನಿನ್ನ ಮುಂದೆ ಯಾಕೆ ಸುಳ್ಳು? ಹಾಲು ತರುತ್ತೇನೆ ಎಂದು ಎದ್ದೆ. ಹಾಲು ಬಿಸಿ ಮಾಡಿ ತರುವಷ್ಟರಲ್ಲಿ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮೊನ್ನೆ ಅವಳ ಅಣ್ಣ ಬಂದು ಜಲಂಧರಕ್ಕೆ ಕರೆದುಕೊಂಡು ಹೋದ. ಹೊರಡುವಾಗ ಅರ್ಜನನಿಗೆ ಹೇಳಿದಳಂತೆ: "ಈ ಮನೇಲಿ ಇನ್ನು ನಾನು ಒಲೆ ಹಚ್ಚಲ್ಲ. ಮಗುವನ್ನ ತಿಂದವಳು ಅಂತ ದಿನಾ ಅನ್ನಿಸ್ಕೊಂಡು ಇರೋಕಾಗಲ್ಲ. ನಾನು ಬರಲ್ಲ."

ಅರ್ಜನ ಆಫೀಸಿಗೆ ಹೋಗಿ ಬರುತ್ತಾನೆ. ನಿನ್ನ ಅಣ್ಣ, "ನಿಯಮ ಯಾಕಿರತ್ತೆ ಅಂತ ಈಗ ಗೊತ್ತಾಯ್ತಲ್ಲ" ಎಂದು ಒಂದೇ ಒಂದು ಸಲ ಅಂದರು. ಆಮೇಲೆ ಅವರೇ ಊಟ ಬಿಟ್ಟು ಎದ್ದರು.

ಪೋಪಟಿ


ಅಜ್ಮೇರ್
3 ಫೆಬ್ರವರಿ 1979

ಭಾಭಿ,

ಇದನ್ನು ಒಬ್ಬರೇ ಇದ್ದಾಗ ಓದಿ.

ಅಮ್ಮ ದೀಪಾವಳಿಯ ದಿನ ಸಾಯಲಿಲ್ಲ. ತೇರಸ್‌ನ ದಿನ ಸತ್ತರು. 1969ರ ನವೆಂಬರ್ ಏಳು, ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ. ಮಧ್ಯಾಹ್ನ ಎದೆನೋವು ಎಂದರು. ಆಸ್ಪತ್ರೆಗೆ ಸೇರಿಸಿ ಒಂದು ಗಂಟೆಯೂ ಉಳಿಯಲಿಲ್ಲ. ನಾನೊಬ್ಬಳೇ ಹತ್ತಿರ ಇದ್ದೆ.

ಆ ಭಾನುವಾರ, ದೀಪಾವಳಿಯ ದಿನ, ನಮ್ಮ ಮನೆಯಲ್ಲಿ ನನ್ನ ನಾದಿನಿ ಲಾಜುವಿನ ನಿಶ್ಚಿತಾರ್ಥ ಇತ್ತು. ಇಂದೋರಿನಿಂದ ಗಂಡಿನವರು ಶನಿವಾರವೇ ಬಂದು ಇಳಿಯುವವರಿದ್ದರು. ಅದಕ್ಕೆ ಮೊದಲು ಎರಡು ಸಂಬಂಧ ಮುರಿದಿದ್ದವು. ಮನೆಯಲ್ಲಿ ಸಾವಾಗಿದೆ ಎಂದು ತಿಳಿದರೆ ಇದೂ ಮುರಿಯುತ್ತದೆ ಎಂದು ಮಾವನವರು ಹೆದರಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನನಗೆ ಹೇಳಿದರು: "ಜೇಠಿ, ನಿನ್ನ ಅಮ್ಮ ಹೋದಳು. ಅವಳನ್ನ ಯಾರೂ ವಾಪಸ್ ತರೋಕಾಗಲ್ಲ. ನನ್ನ ಮಗಳನ್ನ ಉಳಿಸೋದು ಈಗ ನಿನ್ನ ಕೈಲಿದೆ. ಎರಡು ದಿನ ಬಾಯಿ ಮುಚ್ಚು."

ಮುಚ್ಚಿದೆ. ಶನಿವಾರ ಬೆಳಿಗ್ಗೆ ಆಸ್ಪತ್ರೆಯಿಂದ ನೇರವಾಗಿ ಸುಡುಗಾಡಿಗೆ ಒಯ್ದರು. ಮಾವ, ನನ್ನ ಗಂಡ, ಅವರ ಅಂಗಡಿಯ ಇಬ್ಬರು ಆಳುಗಳು. ಒಟ್ಟು ನಾಲ್ಕು ಜನ. ನೆರೆಯವರಿಗೆ ಅಮ್ಮ ಆಸ್ಪತ್ರೆಯಲ್ಲಿದ್ದಾರೆ ಎಂದರು. ಭಾನುವಾರ ನಿಶ್ಚಿತಾರ್ಥ ಮುಗಿದು ಇಂದೋರಿನವರು ಹೊರಟ ಮೇಲೆ ಅಣ್ಣನಿಗೆ ತಂತಿ ಹೋಯಿತು: ಅಮ್ಮ ಇಂದು ತೀರಿಕೊಂಡರು. ಮಂಗಳವಾರ ಅಣ್ಣ ಬಂದಾಗ ಅಸ್ಥಿ ಎತ್ತಿ ಮಡಕೆಗೆ ತುಂಬಿಯಾಗಿತ್ತು. ಮಡಕೆಯ ಮೇಲೆ ಕೈ ಇಟ್ಟು, "ಇಷ್ಟು ಬೇಗ ತಣ್ಣಗಾಯ್ತಾ?" ಎಂದು ಕೇಳಿದ. ನನ್ನ ಗಂಡ, ಗಾಳಿ ಇತ್ತು ಎಂದರು. ನಾನು ಅಲ್ಲೇ ಇದ್ದೆ.

ಶನಿವಾರ ಅಮ್ಮನನ್ನು ಒಯ್ದು ಅವರು ಮನೆಗೆ ಬಂದು ಸ್ನಾನ ಮಾಡುತ್ತಿದ್ದಾಗ ನಾನು ಬಾಣಲೆ ಇಟ್ಟೆ. ಗಂಡಿನವರ ಮುಂದಿಡಲು ಇನ್ನೂರು ತೋಶಾ ಕರಿಯಬೇಕಿತ್ತು. ಕಣ್ಣು ಯಾಕೆ ಹಾಗಿದೆ ಎಂದು ಲಾಜು ಕೇಳಿದಳು, ತುಪ್ಪದ ಹೊಗೆ ಎಂದೆ. ಅಂದಿನಿಂದ ನಾನು ತೋಶಾ ತಿಂದಿಲ್ಲ. ತೇರಸ್‌ಗೆ ಕರಿದು ನೀವು ಕಳಿಸಿದ ಡಬ್ಬಿಗಳನ್ನು ಪ್ರತಿವರ್ಷ ದರ್ಗಾದ ಹತ್ತಿರ ಹಂಚಿ ಬರುತ್ತಿದ್ದೆ. ನಿಮ್ಮ ಕೈಯಲ್ಲಿ ದೋಷವಿರಲಿಲ್ಲ.

ಎರಡು ದಿನದ ಮಾತು ಎಂದುಕೊಂಡಿದ್ದೆ. ಅದರಿಂದ ನಿಮ್ಮ ಮನೆಗೆ ದೀಪಾವಳಿ ಮುಚ್ಚುತ್ತದೆ ಎಂದು ಅಂದು ಹೊಳೆಯಲಿಲ್ಲ. ಹೊಳೆದ ಮೇಲೆ ಹೇಳಲು ಧೈರ್ಯ ಬರಲಿಲ್ಲ. ಅಮ್ಮ ಸತ್ತ ದಿನವೇ ನೀವು ಬಾಣಲೆ ಇಡುತ್ತೀರಿ ಎಂಬುದನ್ನು ತಡೆಯಲಾಗದೆ ಈ ಸಲ ಬೇಡ ಎಂದು ಬರೆದೆ. ಅದರಿಂದ ಹೀಗಾಯಿತು.

ಮಾವನವರು ಕಳೆದ ವಾರ ತೀರಿಕೊಂಡರು. ಅಂಗಡಿಯ ಆ ಇಬ್ಬರು ಆಳುಗಳು ಎಂದೋ ಊರು ಬಿಟ್ಟರು. ಈ ವಿಷಯ ಬಲ್ಲವರು ಈಗ ನನ್ನ ಗಂಡ, ನಾನು, ನೀವು. ಅಣ್ಣನಿಗೆ ಹೇಳುವುದೂ ಬಿಡುವುದೂ ನಿಮ್ಮ ಕೈಯಲ್ಲಿದೆ. ಹೇಳಿದರೆ ನನಗೆ ತವರು ಇರುವುದಿಲ್ಲ ಎಂದು ಗೊತ್ತಿದ್ದೇ ಬರೆದಿದ್ದೇನೆ. ಆ ಹುಡುಗಿಗೆ ಮಾತ್ರ ಹೇಗಾದರೂ ತಿಳಿಸಿ.

ಜೇಠಿ


ಅಜ್ಮೇರ್
28 ಮಾರ್ಚ್ 1979
(ಕಾರ್ಡು)

ಪೂಜ್ಯ ಭಾಭಿಗೆ ನಮಸ್ಕಾರ. ಫೆಬ್ರವರಿಯಲ್ಲಿ ಬರೆದ ಪತ್ರ ತಲುಪಿತೇ? ತಲುಪಿದ್ದರೆ, ತಲುಪಿತು ಎಂದಷ್ಟೇ ಬರೆಯಿರಿ. ಸುದೇಶ್ ಹೇಗಿದ್ದಾಳೆ?

ಜೇಠಿ


ಅಜ್ಮೇರ್
9 ಮೇ 1979
(ಕಾರ್ಡು)

ಭಾಭಿ, ಇನ್ನು ಬರೆಯುವುದಿಲ್ಲ. ಎಲ್ಲರೂ ಆರೋಗ್ಯವಾಗಿರಿ.

ಜೇಠಿ


ಉಲ್ಲಾಸನಗರ
17 ಜೂನ್ 1979

ಜೇಠಿಗೆ,

ಪತ್ರ ಫೆಬ್ರವರಿ ಎಂಟಕ್ಕೇ ತಲುಪಿತ್ತು. ಹಿಟ್ಟಿನ ಡಬ್ಬಿಯಲ್ಲಿ ಮೂರು ತಿಂಗಳು ಇಟ್ಟುಕೊಂಡಿದ್ದೆ. ಹೇಳಿದರೆ ಅಣ್ಣ–ತಂಗಿಯನ್ನು ನಾನೇ ಬೇರೆ ಮಾಡಿದಂತಾಗುತ್ತದೆ, ಹೇಳದಿದ್ದರೆ ಸೊಸೆ ಬರುವುದಿಲ್ಲ. ಸುದೇಶಳಿಗೆ ಎರಡು ಪತ್ರ ಹಾಕಿದೆ, ನಿಜ ಬಿಟ್ಟು ಉಳಿದದ್ದೆಲ್ಲ ಬರೆದೆ. ಉತ್ತರ ಬರಲಿಲ್ಲ. ಮೇ ಹದಿನಾರರಂದು ಜಲಂಧರದಿಂದ ಅವಳ ಬಟ್ಟೆ, ಪಾತ್ರೆ ವಾಪಸ್ ಕಳಿಸಿ ಎಂದು ಅವಳ ಅಣ್ಣನ ಪತ್ರ ಬಂತು. ಅರ್ಜನ ಅದನ್ನು ಓದಿ ಟ್ರಂಕ್ ತೆಗೆದು ಮಡಿಸಲು ಕೂತ. ಅದನ್ನು ನೋಡಿ ನಿನ್ನ ಪತ್ರ ತಂದು ನಿನ್ನ ಅಣ್ಣನ ಕೈಗೆ ಕೊಟ್ಟೆ.

ಎರಡು ಸಲ ಓದಿದರು. ಆಮೇಲೆ ಕಾಗದ ಪೆನ್ಸಿಲ್ ಕೇಳಿದರು. ಏನು ಬರೆಯುತ್ತಾರೋ ಎಂದು ನೋಡಿದರೆ, ಆ ವರ್ಷದ ಗಾಡಿಗಳ ಹೊತ್ತು.

"ಶುಕ್ರವಾರ ಸಂಜೆ ತಂತಿ ಕೊಟ್ಟಿದ್ರೆ ನನಗೆ ಶನಿವಾರ ಬೆಳಿಗ್ಗೆ. ರಾತ್ರಿ ಅಹಮದಾಬಾದ್ ಗಾಡಿ. ಅಲ್ಲಿಂದ ಸಣ್ಣ ಲೈನು. ಅಜ್ಮೇರ್ ಮುಟ್ಟೋದು ಭಾನುವಾರ ರಾತ್ರಿ. ಅಷ್ಟು ಹೊತ್ತು ಯಾರೂ ಇಟ್ಟುಕೊಂಡಿರ್ತಿರಲಿಲ್ಲ. ಅಮ್ಮನ ಮುಖ ನನಗೆ ಹೇಗಿದ್ರೂ ಸಿಗ್ತಿರಲಿಲ್ಲ."

ಪೆನ್ಸಿಲ್ ಕೆಳಗಿಟ್ಟು, "ಮೂಳೆ ಸಿಗ್ತಿತ್ತು" ಎಂದರು. "ಸೋಮವಾರ ನಾನೇ ಎತ್ತಬಹುದಿತ್ತು."

ಮತ್ತೆ ಹತ್ತು ದಿನ ಎಂದಿನಂತೆ ಡ್ಯೂಟಿಗೆ ಹೋಗಿ ಬಂದರು. ಮೇ ಕೊನೆಯಲ್ಲಿ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ಜಲಂಧರಕ್ಕೆ ಹೊರಟರು. ಸುದೇಶಳ ಮನೆಯವರು ಮಂಚ ಹಾಕಿ ಕೂರಿಸಿದರು, ಲಸ್ಸಿ ಕೊಟ್ಟರು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಒಳಗೆ ಬರಲಿಲ್ಲ. ನಿನ್ನ ಅಣ್ಣ ಬೇರೆ ಏನೂ ಮಾತಾಡದೆ ನಿನ್ನ ಪತ್ರ ತೆಗೆದು ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿದರು. ನಿನ್ನನ್ನು ಕೇಳದೆ ಹಾಗೆ ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಓದಿ ಮುಗಿಸಿ ಅವಳಿಗೆ ಹೇಳಿದರು:

"ಲೆಕ್ಕ ಹಾಕು ಬೇಟಾ. ಅಮ್ಮ ಸತ್ತಿದ್ದು ತೇರಸ್‌ಗೆ. ಎಂಟು ವರ್ಷ ಸರಿಯಾಗಿ ಅದೇ ದಿನ ನಾವು ಬಾಣಲೆ ಇಟ್ವಿ. ಆ ಎಂಟು ವರ್ಷದಲ್ಲಿ ನನಗೆ ಬಡ್ತಿ ಬಂತು, ಅರ್ಜನ್‌ಗೆ ನೌಕರಿ ಆಯ್ತು, ನೀನು ಮನೆಗೆ ಬಂದೆ. ನಮಗೇನೂ ಆಗಲಿಲ್ಲ. ತೇರಸ್‌ಗೆ ಬಾಣಲೆ ಇಡದೆ, ದೀಪಾವಳಿಗೆ ಇಟ್ಟಿದ್ದು ಒಂದೇ ವರ್ಷ. ನೀನು ಇಟ್ಟಿದ್ದು. ಇಷ್ಟು ವರ್ಷದಲ್ಲಿ ನಿಯಮ ಸರಿಯಾಗಿ ನಡೆದಿದ್ದು ಅವತ್ತೊಂದೇ."

ಸುದೇಶ್ ಕೇಳಿದಳು: "ಹಾಗಾದ್ರೆ ನನ್ನ ಮಗು ಯಾಕೆ ಹೋಯ್ತು, ಪಾಪಾಜಿ?"

"ಡಾಕ್ಟರಮ್ಮ ಏನು ಹೇಳಿದ್ಲೋ ಅದಕ್ಕೆ. ಬೇರೆ ಯಾವುದಕ್ಕೂ ಅಲ್ಲ. ನಾನು ಅವತ್ತೇ ಅದನ್ನ ಹೇಳ್ಬೇಕಿತ್ತು. ನಿನ್ನ ಅತ್ತೇನೂ ಹೇಳ್ಬೇಕಿತ್ತು."

ಅವಳು ನನ್ನ ಕಡೆ ನೋಡಿದಳು. ಆ ದಿನ ಹಾಲು ತರಲು ಎದ್ದ ನಾನು ಈ ಸಲ ಏಳಲಿಲ್ಲ. ನನಗೆ ಹಾಗೆ ಅನಿಸಿತ್ತು, ತಪ್ಪಾಯಿತು ಎಂದೆ. ಅವಳು ಅತ್ತಳು, ಆಮೇಲೆ ಬೈದಳು. ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಬೀದಿಗೆ ಕೇಳಿಸಿತು. ಅಷ್ಟು ದಿನದ ಮೇಲೆ ಅವಳ ಬಾಯಿ ಕೇಳಿ ನನಗೆ ಉಸಿರು ಬಂತು. ನಮ್ಮ ಜೊತೆ ಹೊರಡಲಿಲ್ಲ. ಕಳೆದ ವಾರ ಅರ್ಜನ ಹೋಗಿ ಕರೆತಂದ. ಬಂದ ದಿನವೇ ಖೇಮಿ ಚಾಚಿ ಬಾಗಿಲಿಗೆ ಬಂದಳು. "ಚಾಚಿ, ಒಳಗೆ ಬರೋದಾದ್ರೆ ಬಾಯಿ ಹೊರಗೆ ಬಿಟ್ಟು ಬನ್ನಿ" ಎಂದಳು ಸುದೇಶ್.

ನಿನ್ನ ಬಗ್ಗೆ ನನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರೆ, ಇನ್ನೂ ತಿಳಿಯದು. ಒಂದು ದಿನ ಸಿಟ್ಟು, ಒಂದು ದಿನ ಇನ್ನೂರು ತೋಶಾ ಕರಿಯುತ್ತ ನಿಂತವಳು ಕಣ್ಣ ಮುಂದೆ ಬರುತ್ತಾಳೆ. ಕೆಳಗೆ ಜಾಗ ಬಿಟ್ಟಿದ್ದೇನೆ. ನಿನ್ನ ಅಣ್ಣ ತಾವೇ ಬರೆಯುತ್ತಾರಂತೆ.

ಪೋಪಟಿ

ಜೇಠಿ,

ಅಮ್ಮನ ಜೊತೆ ನಾಲ್ಕೇ ಜನ ಹೋದರು ಎಂಬುದೊಂದನ್ನು ಬಿಟ್ಟರೆ ಉಳಿದದ್ದನ್ನು ಹೇಗೋ ಸಹಿಸುತ್ತೇನೆ. ಈ ಸಲದ ತೇರಸ್‌ಗೆ ಅಮ್ಮನ ಹೆಸರಿನಲ್ಲಿ ಇಲ್ಲಿ ಊಟ. ಎರಡೂ ಬ್ಯಾರಕ್‌ನವರಿಗೆ ಹೇಳುತ್ತೇನೆ. ದಿನ ಯಾಕೆ ಬದಲಾಯಿತು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಉತ್ತರ ನೀನೇ ಹೇಳಬೇಕು, ನಾನು ಹೇಳುವುದಿಲ್ಲ. ದೀಪಾವಳಿ ಮುಗಿಯುವ ತನಕ ಇರು. ಆ ದಿನ ಸುದೇಶ್ ಬಾಣಲೆ ಇಡುತ್ತಾಳೆ. ನಿನ್ನ ಗಂಡ ಬರುವುದು ಬೇಡ.

ಟಿಕೆಟ್ ಕಳಿಸುತ್ತೇನೆ. ಬಾಂಬೆ ಸೆಂಟ್ರಲ್‌ಗೆ ಅರ್ಜನ್ ಬರುತ್ತಾನೆ. ನಾನು ಬರುವುದಿಲ್ಲ.

ಹೂಂದ್‌ರಾಜ್